ಸೆಲ್ಫ್ ತಗೊಳ್ತಿಲ್ವಾ? ಸ್ಟಾರ್ಟರ್ ಮೋಟರ್ ಪರೀಕ್ಷೆ ಮತ್ತು ರಿಪೇರಿ, ಮನೆಯಲ್ಲೇ

"ಕೀ ತಿರುಗಿಸಿದರೆ ಟಕ್ ಅನ್ನುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ. ಸೆಲ್ಫ್ ಮೋಟರ್ ಹೋಯ್ತಾ?"

ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಸೆಲ್ಫ್ ತಗೊಳ್ಳದ ಗಾಡಿಯಲ್ಲಿ ಕೆಟ್ಟಿರುವುದು ಸ್ಟಾರ್ಟರ್ ಮೋಟರೇ ಆಗಿರಬೇಕೆಂದಿಲ್ಲ. ಬ್ಯಾಟರಿ, ಅದರ ಟರ್ಮಿನಲ್, ಅರ್ಥ್ ವೈರ್, ಒಂದು ಪುಟ್ಟ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್), ಇವುಗಳಲ್ಲಿ ಯಾವುದು ಕೈಕೊಟ್ಟರೂ ಲಕ್ಷಣ ಹೆಚ್ಚುಕಡಿಮೆ ಒಂದೇ. ಚೆನ್ನಾಗಿದ್ದ ಮೋಟರ್ ಬಿಚ್ಚಿ, ಹೊಸದು ಹಾಕಿಸಿ, ಮತ್ತೆ ಅದೇ 'ಟಕ್' ಕೇಳಿ ತಲೆ ಮೇಲೆ ಕೈ ಹೊತ್ತು ಕೂತವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೇ ಈ ಲೇಖನದ ದೊಡ್ಡ ಪಾಲು ಮೀಟರ್ ಹಿಡಿದು ನೋಡುವುದರ ಬಗ್ಗೆ. ಸ್ಪ್ಯಾನರ್ ಆಮೇಲೆ.

ಇಲ್ಲಿ ಹೇಳಿರುವುದು 12 ವೋಲ್ಟ್‌ನ ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಿಗೆ. ಬೈಕ್, ಸ್ಕೂಟರ್‌ಗಳ ವಿಷಯ ಕೊನೆಯ ಹತ್ತಿರ ಇದೆ. ಹೈಬ್ರಿಡ್ ಗಾಡಿಯಾಗಿದ್ದರೆ ಇಲ್ಲೇ ನಿಲ್ಲಿಸಿ. ಅದರಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಒಳಗೆ ನಡೆಯುವುದೇನು?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇದು ತಿಳಿದರೆ ಪರೀಕ್ಷೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಸ್ಟಾರ್ಟರ್ ಮೋಟರಿನ ಬೆನ್ನ ಮೇಲೆ ಒಂದು ಚಿಕ್ಕ ಸಿಲಿಂಡರ್ ಕೂತಿರುತ್ತದೆ. ಅದೇ ಸೊಲೆನಾಯ್ಡ್, ಅಂದರೆ ಕರೆಂಟು ಕೊಟ್ಟರೆ ಒಳಗಿನ ಕಬ್ಬಿಣದ ಸರಳನ್ನು ಎಳೆದುಕೊಳ್ಳುವ ಸುರುಳಿ. ಕೀ ತಿರುಗಿಸಿದಾಗ ರಿಲೇ ಮೂಲಕ ಇದಕ್ಕೆ ಕರೆಂಟು ಬರುತ್ತದೆ. ಸರಳು ಒಳಕ್ಕೆ ಸರಿದು ಎರಡು ಕೆಲಸ ಮಾಡುತ್ತದೆ. ಒಂದು, ಕವೆಯಂಥ ಲಿವರ್ ಮೂಲಕ ಪುಟ್ಟ ಹಲ್ಲುಚಕ್ರವನ್ನು ಮುಂದಕ್ಕೆ ತಳ್ಳಿ ಇಂಜಿನ್‌ನ ಫ್ಲೈವೀಲ್ (ಇಂಜಿನ್ ಜೊತೆಗೇ ತಿರುಗುವ ದೊಡ್ಡ ಚಕ್ರ) ಹಲ್ಲಿಗೆ ಕಚ್ಚಿಸುತ್ತದೆ. ಎರಡು, ಹಿಂಭಾಗದಲ್ಲಿ ತಾಮ್ರದ ಬಿಲ್ಲೆಯೊಂದನ್ನು ಎರಡು ದಪ್ಪ ಬೋಲ್ಟ್‌ಗಳಿಗೆ ಒತ್ತಿ ಹಿಡಿಯುತ್ತದೆ. ಆಗ ಬ್ಯಾಟರಿಯ ದಪ್ಪ ಕೇಬಲ್‌ನಿಂದ ಮೋಟರಿಗೆ ನೇರವಾಗಿ ಕರೆಂಟು ನುಗ್ಗುತ್ತದೆ. ಸಾಮಾನ್ಯ ಕಾರಿನಲ್ಲಿ ಇದು 100ರಿಂದ 250 ಆಂಪಿಯರ್ ಇರುತ್ತದೆ. ದೊಡ್ಡ ಡೀಸೆಲ್ ಇಂಜಿನ್ ಆದರೆ ಇನ್ನೂ ಜಾಸ್ತಿ. ನಿಮಗೆ ಕೇಳುವ 'ಟಕ್' ಈ ಬಿಲ್ಲೆ ಬಡಿಯುವ ಸದ್ದು.

ಹಲ್ಲುಚಕ್ರಕ್ಕೆ ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಅನ್ನುತ್ತಾರೆ. ಅದರೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತದೆ. ಇಂಜಿನ್ ಸ್ಟಾರ್ಟ್ ಆಗಿ ಜೋರಾಗಿ ತಿರುಗಲು ಶುರುಮಾಡಿದಾಗ ಮೋಟರನ್ನೂ ಎಳೆದುಕೊಂಡು ಹೋಗಬಾರದಲ್ವಾ, ಅದಕ್ಕೆ.

ಸೊಲೆನಾಯ್ಡ್ ಮೇಲೆ ಮೂರು ಕಡೆ ಸಂಪರ್ಕ ಇರುತ್ತದೆ. ಬ್ಯಾಟರಿಯ ದಪ್ಪ ಕೇಬಲ್ ಬರುವ ಬೋಲ್ಟಿಗೆ 30 ಎಂದು, ಕೀಯಿಂದ ಬರುವ ಸಣ್ಣ ವೈರಿನ ಜಾಗಕ್ಕೆ 50 ಎಂದು ಹೆಸರು. ಇನ್ನೊಂದು ದಪ್ಪ ಬೋಲ್ಟಿನಿಂದ ತಾಮ್ರದ ಹೆಣಿಗೆ ವೈರ್ ಮೋಟರಿನೊಳಕ್ಕೆ ಹೋಗುತ್ತದೆ. ಇದನ್ನು ಮೋಟರ್ ಬೋಲ್ಟ್ ಅಂದುಕೊಳ್ಳೋಣ.

ಏನೇನು ಬೇಕು?

ಡಿಜಿಟಲ್ ಮಲ್ಟಿಮೀಟರ್ ಬೇಕೇ ಬೇಕು. ಕಡಿಮೆ ಬೆಲೆಯದಾದರೂ ಪರವಾಗಿಲ್ಲ. 10ರಿಂದ 17ರವರೆಗಿನ ಸ್ಪ್ಯಾನರ್ ಮತ್ತು ಸಾಕೆಟ್, ಉದ್ದದ ಎಕ್ಸ್‌ಟೆನ್ಷನ್ ರಾಡ್, ತಂತಿ ಬ್ರಷ್, ನಯವಾದ ಉಪ್ಪುಕಾಗದ, ಜಂಪರ್ ಕೇಬಲ್, ಟಾರ್ಚ್, ಕನ್ನಡಕ ಇಟ್ಟುಕೊಳ್ಳಿ. ಕೀ ತಿರುಗಿಸಲು ಜೊತೆಗೊಬ್ಬರು ಇರಲಿ. ಮೀಟರ್ ನೋಡುತ್ತಾ ಕೀ ತಿರುಗಿಸುವುದು ಒಬ್ಬರಿಂದ ಆಗದ ಕೆಲಸ. ಕೆಳಗಿನಿಂದ ಕೈ ಹಾಕಬೇಕಾದ ಗಾಡಿಯಾದರೆ ಜ್ಯಾಕ್ ಸ್ಟ್ಯಾಂಡ್ ಇರಲೇಬೇಕು. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ.

ಶುರುಮಾಡುವ ಮುಂಚೆ ನಾಲ್ಕು ಎಚ್ಚರಿಕೆ

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಅಡ್ಡ ಕೊಟ್ಟಿರಲಿ.

ಉಂಗುರ, ಕೈಕಡಗ, ಲೋಹದ ಪಟ್ಟಿಯ ವಾಚ್ ಬಿಚ್ಚಿಡಿ. 30ನೇ ಬೋಲ್ಟಿಗೆ ಬ್ಯಾಟರಿಯಿಂದ ಕರೆಂಟು ನೇರವಾಗಿ ಬರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ನಡುವೆ ಫ್ಯೂಸ್ ಕೂಡ ಇರುವುದಿಲ್ಲ. ಉಂಗುರ ಅಲ್ಲಿಗೂ ಬಾಡಿಗೂ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಬೆರಳು ಸುಡುತ್ತದೆ.

ಬ್ಯಾಟರಿ ಹತ್ತಿರ ಬೀಡಿ, ಸಿಗರೇಟು, ಬೆಂಕಿ ಬೇಡ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಬರುತ್ತದೆ.

ಇನ್ನು ನಾಲ್ಕನೆಯದು. ಸ್ಕ್ರೂಡ್ರೈವರ್ ಇಟ್ಟು ಸೊಲೆನಾಯ್ಡ್‌ನ ಟರ್ಮಿನಲ್‌ಗಳನ್ನು ಶಾರ್ಟ್ ಮಾಡಿ ನೋಡುವುದನ್ನು ನೀವು ಎಲ್ಲೋ ನೋಡಿರುತ್ತೀರಿ. ಮಾಡಬೇಡಿ. ಕಿಡಿ ಕಣ್ಣಿಗೆ ಹಾರುತ್ತದೆ. ಗೇರ್‌ನಲ್ಲಿದ್ದ ಗಾಡಿ ಮುಂದೆ ನಿಂತವರ ಮೇಲೇ ಹತ್ತುತ್ತದೆ. ಅಷ್ಟು ಅಪಾಯ ತಗೊಂಡರೂ ಮೀಟರ್ ಹೇಳುವ ಅರ್ಧದಷ್ಟೂ ಅದರಿಂದ ತಿಳಿಯುವುದಿಲ್ಲ.

ಹಂತ 1: ಸದ್ದು ಕೇಳಿಸಿಕೊಳ್ಳಿ

ಕಿಟಕಿ ಇಳಿಸಿ, ಹಾಡು ಆಫ್ ಮಾಡಿ, ಕೀ ತಿರುಗಿಸಿ.

ಟಕಟಕಟಕ ಎಂದು ಬೇಗ ಬೇಗ ಬಡಿದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಲೂಸಾಗಿದೆ. ಸೊಲೆನಾಯ್ಡ್ ಎಳೆಯುತ್ತದೆ. ಮೋಟರ್ ಕರೆಂಟು ಕೇಳಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಸೊಲೆನಾಯ್ಡ್ ಹಿಡಿತ ಬಿಡುತ್ತದೆ, ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಇಂಥ ಗಾಡಿಯಲ್ಲಿ ಮೋಟರ್ ತಪ್ಪಿತಸ್ಥ ಆಗಿರುವುದು ಅಪರೂಪ.

ಒಂದೇ ಒಂದು ಗಟ್ಟಿ 'ಟಕ್' ಕೇಳಿ ಸುಮ್ಮನಾದರೆ ಸೊಲೆನಾಯ್ಡ್‌ನ ತಾಮ್ರದ ಬಿಲ್ಲೆ ಸುಟ್ಟಿರಬಹುದು, ಮೋಟರ್ ಬ್ರಷ್ (ಒಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) ಸವೆದಿರಬಹುದು, ಮೋಟರ್ ಅಥವಾ ಇಂಜಿನ್ ತಿರುಗದಂತೆ ಹಿಡಿದುಕೊಂಡಿರಬಹುದು, ಕೇಬಲ್ ಕೆಟ್ಟಿರಬಹುದು. ಯಾವುದು ಅನ್ನುವುದು 5ನೇ ಹಂತದಲ್ಲಿ ಗೊತ್ತಾಗುತ್ತದೆ.

ಸದ್ದೇ ಇಲ್ಲದಿದ್ದರೆ ಸಣ್ಣ ವೈರಿನ ಕಡೆ ಅನುಮಾನ ಪಡಿ: ಫ್ಯೂಸ್, ರಿಲೇ, ಕೀ ಸ್ವಿಚ್, ಕ್ಲಚ್ ಸ್ವಿಚ್. ಆಟೋಮ್ಯಾಟಿಕ್ ಗಾಡಿಯಾದರೆ ಪಾರ್ಕ್ ಬದಲು ನ್ಯೂಟ್ರಲ್‌ಗೆ ಹಾಕಿ ಒಮ್ಮೆ ಪ್ರಯತ್ನಿಸಿ. ಅದರಲ್ಲಿ ಸ್ಟಾರ್ಟ್ ಆದರೆ ಗೇರ್ ಲಿವರ್‌ನ ಸುರಕ್ಷತಾ ಸ್ವಿಚ್‌ನಲ್ಲಿ ದೋಷ. ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿನುಗುತ್ತಿದ್ದರೆ ಇಮೊಬಿಲೈಸರ್, ಅಂದರೆ ಕಳ್ಳತನ ತಡೆಯುವ ವ್ಯವಸ್ಥೆ, ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಎರಡನೇ ಕೀ ಇದ್ದರೆ ಹಾಕಿ ನೋಡಿ.

ಮೋಟರ್ ಝುಂಯ್ ಎಂದು ತಿರುಗುತ್ತಿದೆ, ಇಂಜಿನ್ ಮಾತ್ರ ತಿರುಗುತ್ತಿಲ್ಲ ಎಂದಾದರೆ ಬೆಂಡಿಕ್ಸ್ ಜಾರುತ್ತಿದೆ ಅಥವಾ ತಳ್ಳುವ ಲಿವರ್ ಮುರಿದಿದೆ. ಇಲ್ಲಿ ಮೀಟರ್ ಬೇಡ, ನೇರವಾಗಿ 6ನೇ ಹಂತಕ್ಕೆ ಹೋಗಿ. ಕರ್ರ್ ಎಂದು ಹಲ್ಲು ಉಜ್ಜುವ ಸದ್ದು ಬಂದರೂ ಅಷ್ಟೇ. ಆದರೆ ಅದೇ ಸ್ಥಿತಿಯಲ್ಲಿ ಪದೇ ಪದೇ ಕೀ ತಿರುಗಿಸುತ್ತಾ ಇರಬೇಡಿ. ಫ್ಲೈವೀಲ್‌ನ ಹಲ್ಲು ಹೋದರೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಕೀ ಬಿಟ್ಟ ಮೇಲೂ ಮೋಟರ್ ತಿರುಗುತ್ತಲೇ ಇದ್ದರೆ ಯೋಚಿಸುತ್ತಾ ನಿಲ್ಲಬೇಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ತಾಮ್ರದ ಬಿಲ್ಲೆ ಬೋಲ್ಟಿಗೆ ಬೆಸೆದುಕೊಂಡಿರಬಹುದು, ಇಲ್ಲವೇ ರಿಲೇ ಅಂಟಿಕೊಂಡಿರಬಹುದು.

ಹಾಗೆಯೇ ಹೆಡ್‌ಲೈಟ್ ಹಾಕಿಕೊಂಡು ಒಮ್ಮೆ ಕೀ ತಿರುಗಿಸಿ. ಬೆಳಕು ತೀರಾ ಮಂಕಾದರೆ ಬ್ಯಾಟರಿ ಸೋತಿದೆ ಅಥವಾ ಮೋಟರ್ ಹಿಡಿದುಕೊಂಡಿದೆ. ಪೂರ್ತಿ ಆರಿಹೋಗಿ ಮತ್ತೆ ಬಂದರೆ ಟರ್ಮಿನಲ್ ಲೂಸಾಗಿರಬಹುದು. ಬೆಳಕು ಹಾಗೇ ಇದ್ದರೆ ಮೋಟರಿಗೆ ಕರೆಂಟೇ ಹೋಗುತ್ತಿಲ್ಲ.

ಹಂತ 2: ಬ್ಯಾಟರಿ

ಗಾಡಿ ಕೆಲವು ಗಂಟೆ ಸುಮ್ಮನೆ ನಿಂತಿರಬೇಕು. ಈಗಷ್ಟೇ ಓಡಿಸಿದ್ದರೆ ಎರಡು ನಿಮಿಷ ಹೆಡ್‌ಲೈಟ್ ಹಾಕಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ಮೀಟರ್ ಡಿಸಿ 20 ವೋಲ್ಟ್‌ನಲ್ಲಿರಲಿ. 12.6 ಬಂದರೆ ಪೂರ್ತಿ ಚಾರ್ಜ್. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕೆ ಬಂದರೆ ಹೆಚ್ಚುಕಡಿಮೆ ಖಾಲಿ. 12.4ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ. ಅರೆಬರೆ ಬ್ಯಾಟರಿ ಇಟ್ಟುಕೊಂಡು ಮುಂದಿನ ಪರೀಕ್ಷೆ ಮಾಡಿದರೆ ಬರುವ ಅಂಕಿಗಳೆಲ್ಲ ಸುಳ್ಳು.

ಈಗ ಮೀಟರ್ ಬ್ಯಾಟರಿಯ ಮೇಲೇ ಇರಲಿ, ಜೊತೆಯವರು ಕೀ ತಿರುಗಿಸಲಿ. ಪರೀಕ್ಷೆ ಮಧ್ಯೆ ಇಂಜಿನ್ ಸ್ಟಾರ್ಟ್ ಆಗಿಬಿಡದಂತೆ ಪೆಟ್ರೋಲ್ ಗಾಡಿಯಲ್ಲಿ ಫ್ಯುಯೆಲ್ ಪಂಪ್‌ನ ಫ್ಯೂಸ್ ತೆಗೆದಿಡಿ. ಆದರೂ ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಒಮ್ಮೆ ಸ್ಟಾರ್ಟ್ ಆಗಿ ನಿಲ್ಲಬಹುದು, ಗಾಬರಿ ಬೇಡ. ಒಂದು ಸಲಕ್ಕೆ 10 ಸೆಕೆಂಡ್‌ಗಿಂತ ಜಾಸ್ತಿ ತಿರುಗಿಸಬೇಡಿ. ನಡುವೆ ಒಂದೆರಡು ನಿಮಿಷ ಬಿಡಿ, ಮೋಟರ್ ತಣ್ಣಗಾಗಲಿ.

ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಬ್ಯಾಟರಿ ಸತ್ತಿದೆ ಅಥವಾ ಮೋಟರ್ ಮಿತಿಮೀರಿ ಕರೆಂಟು ಎಳೆಯುತ್ತಿದೆ. ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಬ್ಯಾಟರಿಯಿಂದ ಜಂಪರ್ ಕೊಟ್ಟು ನೋಡಿ. ಆಗ ಇಂಜಿನ್ ಚುರುಕಾಗಿ ತಿರುಗಿದರೆ ನಿಮ್ಮ ಹುಡುಕಾಟ ಇಲ್ಲಿಗೇ ಮುಗಿಯಿತು.

ಹಂತ 3: ಟರ್ಮಿನಲ್ ಬಿಚ್ಚಿ ಉಜ್ಜಿ

ಕಣ್ಣಿಗೆ ಚೆನ್ನಾಗಿ ಕಂಡರೂ ಬಿಚ್ಚಿ. ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ. ಹಾಕುವಾಗ ತಿರುವುಮುರುವು. ಯಾಕೆಂದರೆ ನೆಗೆಟಿವ್ ಕಳಚಿದ ಮೇಲೆ ಸ್ಪ್ಯಾನರ್ ಬಾಡಿಗೆ ತಾಗಿದರೂ ಶಾರ್ಟ್ ಆಗುವುದಿಲ್ಲ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆಯಿರಿ. ಆ ನೀರು ಬ್ಯಾಟರಿಯೊಳಗೆ ಹೋಗಬಾರದು. ಕ್ಲ್ಯಾಂಪಿನ ಒಳಮೈ, ಬ್ಯಾಟರಿಯ ಕಂಬ, ಎರಡನ್ನೂ ಹೊಳೆಯುವವರೆಗೆ ಉಜ್ಜಿ. ಹಾಕಿ ಟೈಟ್ ಮಾಡಿದ ಮೇಲೆ ಕೈಯಲ್ಲಿ ತಿರುಗಿಸಿದರೆ ಒಂದು ಕೂದಲೆಳೆಯಷ್ಟೂ ಅಲುಗಬಾರದು.

ನೆಗೆಟಿವ್ ಕೇಬಲ್ ಹಿಡಿದುಕೊಂಡೇ ಹೋಗಿ ಅದು ಬಾಡಿಗೆ, ಇಂಜಿನ್‌ಗೆ ಎಲ್ಲಿ ಸೇರುತ್ತದೆ ನೋಡಿ. ಇಂಜಿನ್‌ನಿಂದ ಬಾಡಿಗೆ ಹೋಗುವ ಹೆಣಿಗೆ ಪಟ್ಟಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಅದು ತುಕ್ಕು ಹಿಡಿದು, ಎಳೆ ಎಳೆಯಾಗಿ ಕಿತ್ತು ನೇತಾಡುತ್ತಿರುತ್ತದೆ.

ಹಂತ 4: 50ನೇ ಟರ್ಮಿನಲ್‌ಗೆ ಕರೆಂಟು ಬರುತ್ತಿದೆಯಾ?

ಮೀಟರ್‌ನ ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಮೊನೆ 50ರ ಸಣ್ಣ ವೈರಿಗೆ. ಕೀ ತಿರುಗಿಸಿದಾಗ ಬ್ಯಾಟರಿಯಲ್ಲಿ ಆ ಹೊತ್ತಿಗೆ ಇರುವ ವೋಲ್ಟೇಜ್‌ಗೆ ಹತ್ತಿರದ ಅಂಕಿ ಬರಬೇಕು. 8ರ ಆಸುಪಾಸಿಗೆ ಇಳಿದರೆ ಸೊಲೆನಾಯ್ಡ್ ಎಳೆಯಲು ತಿಣುಕುತ್ತದೆ. ಆಗ ಕೀ ಸ್ವಿಚ್ ಅಥವಾ ರಿಲೇಯ ಸಂಪರ್ಕ ಸುಟ್ಟಿರಬೇಕು.

ಏನೂ ಬರದಿದ್ದರೆ ಹಿಂದಕ್ಕೆ ಹುಡುಕುತ್ತಾ ಹೋಗಿ. ಮೊದಲು ಫ್ಯೂಸ್. ಆಮೇಲೆ ಸ್ಟಾರ್ಟರ್ ರಿಲೇ. ಫ್ಯೂಸ್ ಬಾಕ್ಸಿನಲ್ಲೇ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ, ಹಾರ್ನ್‌ದು ಹಾಗೆ ಇರುವುದುಂಟು, ಅದಲುಬದಲು ಮಾಡಿ ನೋಡಿ. ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗುವ ಗಾಡಿಯಲ್ಲಿ ಪೆಡಲ್ ಮೇಲಿನ ಪುಟ್ಟ ಸ್ವಿಚ್ ನೋಡಿ. ಪೆಡಲ್ ಹಿಂದೆ ಸರಿದ ಮ್ಯಾಟ್ ಸಿಕ್ಕಿಕೊಂಡು ಕ್ಲಚ್ ಪೂರ್ತಿ ಒತ್ತಲಾಗದೆ ಹೀಗಾಗುವುದೂ ಇದೆ.

ಇಲ್ಲಿ ಒಂದು ಗುಟ್ಟು ಹೇಳಬೇಕು, ಬಹಳ ಜನ ಎಡವುವ ಜಾಗ ಇದು. 50ಕ್ಕೆ ಪೂರ್ತಿ ಕರೆಂಟು ಬರುತ್ತಿದೆ, ಆದರೂ ಟಕ್ ಸದ್ದಿಲ್ಲ. ಎಲ್ಲರೂ ಸೊಲೆನಾಯ್ಡ್ ಹೋಯಿತು ಅನ್ನುತ್ತಾರೆ. ಆದರೆ ಸೊಲೆನಾಯ್ಡ್‌ನೊಳಗೆ ಎರಡು ಸುರುಳಿಗಳಿವೆ: ಸರಳನ್ನು ಎಳೆಯುವುದು ಒಂದು, ಎಳೆದ ಮೇಲೆ ಹಿಡಿದಿಡುವುದು ಇನ್ನೊಂದು. ಎಳೆಯುವ ಸುರುಳಿಗೆ ಅರ್ಥ್ ಸಿಗುವುದು ಮೋಟರಿನ ಬ್ರಷ್‌ಗಳ ಮೂಲಕ. ಬ್ರಷ್ ಸವೆದು ತಾಗದೆ ಹೋದರೆ ಚೆನ್ನಾಗಿರುವ ಸೊಲೆನಾಯ್ಡ್ ಕೂಡ ಎಳೆಯುವುದಿಲ್ಲ. ಹೀಗಾಗಿ ಬ್ರಷ್ ನೋಡದೆ ಸೊಲೆನಾಯ್ಡ್ ಕೊಳ್ಳಬೇಡಿ.

ಮೋಟರ್ ಮೈಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಾಡಿ ಸ್ಟಾರ್ಟ್ ಆಗುವುದು ಇದೇ ಕಾರಣಕ್ಕೆ. ಕಚ್ಚಿಕೊಂಡ ಬ್ರಷ್ ಒಮ್ಮೆ ಕೆಳಕ್ಕೆ ಇಳಿಯುತ್ತದೆ. ತಟ್ಟಿದಾಗ ಸ್ಟಾರ್ಟ್ ಆದರೆ ಅದು ರಿಪೇರಿ ಅಲ್ಲ, ಬ್ರಷ್ ಮುಗಿಯುತ್ತಾ ಬಂದಿರುವ ಸೂಚನೆ. ಸುತ್ತಿಗೆಯಿಂದ ಬಾರಿಸಬೇಡಿ. ಈಗಿನ ಅನೇಕ ಮೋಟರ್‌ಗಳಲ್ಲಿ ಗೋಡೆಗೆ ಅಂಟಿಸಿದ ಅಯಸ್ಕಾಂತಗಳಿರುತ್ತವೆ. ಅವು ಮಣ್ಣಿನ ಬಿಲ್ಲೆಯ ಹಾಗೆ ಒಡೆದು ಚೂರಾಗುತ್ತವೆ.

ಹಂತ 5: ವೋಲ್ಟೇಜ್ ಎಲ್ಲಿ ಸೋರುತ್ತಿದೆ?

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಪುರುಸೊತ್ತಿದ್ದರೆ ಇದನ್ನೇ ಮಾಡಿ.

ಕೇಬಲ್ ಒಳಗೆ ತುಕ್ಕು ಹಿಡಿದಿದ್ದರೂ ಸುಮ್ನೆ ಅಳೆದರೆ 12 ವೋಲ್ಟ್ ತೋರಿಸುತ್ತದೆ. ಹತ್ತಾರು ಎಳೆಗಳಲ್ಲಿ ನಾಲ್ಕೇ ಎಳೆ ಉಳಿದಿದ್ದರೂ ಅಷ್ಟೇ. ಮೋಟರ್ 150 ಆಂಪಿಯರ್ ಕೇಳಿದಾಗಲೇ ಬಣ್ಣ ಬಯಲಾಗುವುದು. ಆದ್ದರಿಂದ ಈ ಅಳತೆಗಳನ್ನೆಲ್ಲ ಕೀ ತಿರುಗಿಸಿ ಹಿಡಿದಿರುವಾಗಲೇ ಓದಬೇಕು. ಮೀಟರಿನ ಕಂಟಿನ್ಯೂಟಿ ಬೀಪ್ (ಸಂಪರ್ಕ ಇದ್ದರೆ ಬರುವ ಸದ್ದು) ನಂಬಿ ಕೇಬಲ್ ಚೆನ್ನಾಗಿದೆ ಅಂದುಕೊಳ್ಳಬೇಡಿ.

ಪಾಸಿಟಿವ್ ಕಡೆ: ಕೆಂಪು ಮೊನೆ ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ ಇಡಿ, ಕ್ಲ್ಯಾಂಪಿನ ಮೇಲಲ್ಲ. ಕಪ್ಪು ಮೊನೆ 30ನೇ ಬೋಲ್ಟಿಗೆ. ಕೀ ತಿರುಗಿಸಿದಾಗ 0.2, 0.3 ಬಂದರೆ ಚೆನ್ನಾಗಿದೆ. 0.5 ದಾಟಿದರೆ ಕೇಬಲ್ ಅಥವಾ ಅದರ ಜೋಡಣೆ ಕೆಟ್ಟಿದೆ.

ಅರ್ಥ್ ಕಡೆ: ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪು ಮೊನೆ ಮೋಟರಿನ ಲೋಹದ ಮೈಗೆ. ಬಣ್ಣ, ಜಿಡ್ಡು ಇಲ್ಲದ ಜಾಗ ನೋಡಿ ಒತ್ತಿ. 0.3 ದಾಟಿದರೆ ಅರ್ಥ್ ಸರಿಯಿಲ್ಲ. ಖಚಿತ ಮಾಡಿಕೊಳ್ಳಲು ಜಂಪರ್ ಕೇಬಲ್‌ನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ಇಂಜಿನ್‌ನ ಗಟ್ಟಿ ಲೋಹದ ಭಾಗಕ್ಕೆ ಹಾಕಿ ಕೀ ತಿರುಗಿಸಿ. ಇಂಜಿನ್ ಚುರುಕಾಗಿ ತಿರುಗಿದರೆ ಅರ್ಥ್ ಪಟ್ಟಿ ಬದಲಿಸಿ. ಮೋಟರ್ ಮುಟ್ಟುವುದೇ ಬೇಡ.

ಸೊಲೆನಾಯ್ಡ್ ಮತ್ತು ಮೋಟರ್: ಕಪ್ಪು ಮೊನೆ ಮೋಟರಿನ ಮೈಗೆ, ಕೆಂಪು ಮೊನೆ ಮೋಟರ್ ಬೋಲ್ಟಿಗೆ. ಟಕ್ ಎಂದ ಮೇಲೂ ಇಲ್ಲಿ ಹೆಚ್ಚುಕಡಿಮೆ ಸೊನ್ನೆಯೇ ಇದ್ದು, 30ನೇ ಬೋಲ್ಟಿನಲ್ಲಿ 12 ಇದ್ದರೆ ತಾಮ್ರದ ಬಿಲ್ಲೆ ಸುಟ್ಟಿದೆ. 12ರ ಹತ್ತಿರ ಬಂದೂ ಮೋಟರ್ ತಿರುಗದಿದ್ದರೆ ಒಳಗೆ ಕರೆಂಟಿನ ದಾರಿ ಕಡಿದಿದೆ, ಬ್ರಷ್ ಅಥವಾ ಆರ್ಮೇಚರ್ (ಮೋಟರಿನೊಳಗೆ ತಿರುಗುವ ಭಾಗ). ಇಲ್ಲೂ ಬ್ಯಾಟರಿಯಲ್ಲೂ ವೋಲ್ಟೇಜ್ 8, 9ಕ್ಕೆ ಕುಸಿದರೆ ಮೋಟರ್ ಹಿಡಿದುಕೊಂಡಿದೆ ಅಥವಾ ಶಾರ್ಟ್ ಆಗಿದೆ. ಇಂಜಿನ್ನೇ ಹಿಡಿದುಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು, ಕೀ ಆಫ್ ಮಾಡಿ, ಕ್ರ್ಯಾಂಕ್ ಪುಲ್ಲಿಯ (ಇಂಜಿನ್ ಬದಿಯಲ್ಲಿ ಬೆಲ್ಟ್ ಸುತ್ತಿರುವ ಕೆಳಗಿನ ಚಕ್ರ) ಬೋಲ್ಟಿಗೆ ಸಾಕೆಟ್ ಹಾಕಿ ಇಂಜಿನ್ ತಿರುಗುವ ದಿಕ್ಕಿಗೇ ಕೈಯಿಂದ ತಿರುಗಿಸಿ ನೋಡಿ.

ಇಷ್ಟಾದ ಮೇಲೂ ಬೆರಳು ಮೋಟರ್ ಕಡೆಗೇ ತೋರಿಸುತ್ತಿದ್ದರೆ ಬಿಚ್ಚೋಣ.

ಹಂತ 6: ಮೋಟರ್ ಇಳಿಸುವುದು

ಬ್ಯಾಟರಿಯ ನೆಗೆಟಿವ್ ಕಳಚಿ, ತಿರುಗಿ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಇಡಿ. ಇಂಜಿನ್ ತಣ್ಣಗಿರಲಿ. ಎಷ್ಟೋ ಗಾಡಿಗಳಲ್ಲಿ ಸೈಲೆನ್ಸರ್ ಪೈಪು ಮೋಟರ್ ಪಕ್ಕದಲ್ಲೇ ಹೋಗುತ್ತದೆ.

ಮೋಟರ್ ಇರುವುದು ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ. ವೈರ್‌ಗಳ ಫೋಟೋ ತೆಗೆದುಕೊಂಡು ಬಿಚ್ಚಿ. 50ರ ಸಣ್ಣ ವೈರಿನ ಪ್ಲಾಸ್ಟಿಕ್ ಕ್ಲಿಪ್ ಬಿಸಿಗೆ ಒಣಗಿ ಗರಿಗರಿಯಾಗಿರುತ್ತದೆ, ಎಳೆದರೆ ಮುರಿಯುತ್ತದೆ. ಮೋಟರ್ ಹಿಡಿದಿರುವುದು ಎರಡು ಅಥವಾ ಮೂರು ಬೋಲ್ಟ್. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಸ್ವಲ್ಪ ಹೊತ್ತು ಬಿಡಿ. ಕೊನೆಯ ಬೋಲ್ಟ್ ತೆಗೆಯುವ ಮುಂಚೆ ಒಂದು ಕೈ ಮೋಟರ್ ಕೆಳಗಿರಲಿ. ನೋಡಲು ಚಿಕ್ಕದು, ಆದರೆ ಮೂರರಿಂದ ಐದು ಕಿಲೋ ತೂಗುತ್ತದೆ, ಮುಖದ ಮೇಲೆ ಬಿದ್ದರೆ ಗತಿ ಏನು? ಇಂಜಿನ್‌ಗೂ ಮೋಟರಿಗೂ ನಡುವೆ ತೆಳು ತಗಡಿನ ಬಿಲ್ಲೆ ಸಿಕ್ಕರೆ ಜೋಪಾನ ಮಾಡಿ. ಹಲ್ಲುಗಳ ಅಂತರ ಹೊಂದಿಸಲು ಅದನ್ನು ಇಟ್ಟಿರುತ್ತಾರೆ.

ಮೋಟರ್ ಹೊರಬಂದ ಮೇಲೆ ಆ ಕಿಂಡಿಯಿಂದ ಟಾರ್ಚ್ ಬಿಟ್ಟು ಫ್ಲೈವೀಲ್‌ನ ಹಲ್ಲು ನೋಡಿ. ಇಂಜಿನ್ ಕೈಯಿಂದ ತಿರುಗಿಸುತ್ತಾ ಸುತ್ತಲೂ ನೋಡಬೇಕು. ಇಂಜಿನ್ ಹೆಚ್ಚಾಗಿ ನಿಲ್ಲುವುದು ಕೆಲವೇ ಜಾಗಗಳಲ್ಲಿ, ಹಾಗಾಗಿ ಸವೆತ ಕೂಡ ಒಂದೆರಡು ಕಡೆಯೇ ಜಾಸ್ತಿ.

ಹಂತ 7: ನೆಲದ ಮೇಲೆ ಪರೀಕ್ಷೆ

ಮೋಟರನ್ನು ವೈಸ್‌ನಲ್ಲಿ ಮರದ ತುಂಡು ಕೊಟ್ಟು ಬಿಗಿಯಿರಿ. ವೈಸ್ ಇಲ್ಲದಿದ್ದರೆ ಹಗ್ಗದಿಂದ ಗಟ್ಟಿ ಹಲಗೆಗೆ ಕಟ್ಟಿ. ಕರೆಂಟು ಕೊಟ್ಟ ಕೂಡಲೇ ಅದು ಪಲ್ಟಿ ಹೊಡೆಯುತ್ತದೆ. ಹಲ್ಲುಚಕ್ರದ ಮುಂದೆ ಬೆರಳು ಇರಬಾರದು.

ಜಂಪರ್ ಕೇಬಲ್‌ನಲ್ಲಿ ಬ್ಯಾಟರಿ ನೆಗೆಟಿವ್ ಮೋಟರ್ ಮೈಗೆ, ಪಾಸಿಟಿವ್ 30ನೇ ಬೋಲ್ಟಿಗೆ. ಈಗ 30ರಿಂದ 50ಕ್ಕೆ ಒಂದು ವೈರ್ ತುಂಡು ತಾಗಿಸಿ. ಹಲ್ಲುಚಕ್ರ ಚಂಗನೆ ಮುಂದೆ ಬಂದು, ಮೋಟರ್ ಒಂದೇ ಸಮನೆ ಜೋರಾಗಿ ತಿರುಗಬೇಕು. ಮೂರ್ನಾಲ್ಕು ಸೆಕೆಂಡ್ ಸಾಕು. ಭಾರ ಇಲ್ಲದೆ ಓಡುವಾಗ ವೇಗ ವಿಪರೀತ ಏರುತ್ತದೆ.

ಚೆನ್ನಾಗಿ ತಿರುಗಿತಲ್ಲ, ಹಾಗಾದರೆ ಸರಿಯಿದೆ ಅನ್ನಬೇಡಿ. ಭಾರವಿಲ್ಲದೆ ತಿರುಗುವ ಮೋಟರ್ ಇಂಜಿನ್ ಎದುರು ಸೋಲಬಹುದು. ಆದರೆ ಇಲ್ಲೇ ತಿರುಗದಿದ್ದರೆ ಮೋಟರ್ ಕೆಟ್ಟಿರುವುದು ಖಚಿತ. ಹಲ್ಲುಚಕ್ರವನ್ನು ಕೈಯಲ್ಲಿ ತಿರುಗಿಸಿಯೂ ನೋಡಿ, ಕರೆಂಟು ತೆಗೆದ ಮೇಲೆ. ಒಂದು ಕಡೆಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆಗೆ ಹಿಡಿಯಬೇಕು. ಎರಡೂ ಕಡೆಗೆ ಸಲೀಸಾಗಿ ತಿರುಗಿದರೆ ಬೆಂಡಿಕ್ಸ್ ಹೋಗಿದೆ.

ಹಂತ 8: ಬಿಚ್ಚಿ ನೋಡುವುದು

ಮೊದಲು ಮುಂದಿನ ಭಾಗ, ನಡುವಿನ ಕೊಳವೆ, ಹಿಂದಿನ ಮುಚ್ಚಳ, ಮೂರಕ್ಕೂ ಸೇರುವಂತೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಜೋಡಿಸುವಾಗ ಈ ಗೆರೆ ನಿಮ್ಮನ್ನು ಕಾಪಾಡುತ್ತದೆ. ಮೋಟರ್ ಬೋಲ್ಟಿನ ವೈರ್ ಕಳಚಿ, ಸೊಲೆನಾಯ್ಡ್ ಬಿಚ್ಚಿ, ಆಮೇಲೆ ಹಿಂದಿನ ಉದ್ದದ ಎರಡು ಬೋಲ್ಟ್ ತೆಗೆಯಿರಿ. ಹಿಂದಿನ ಮುಚ್ಚಳ ತೆಗೆಯುವಾಗ ನಿಧಾನ. ಬ್ರಷ್‌ನ ಸ್ಪ್ರಿಂಗ್ ಚಿಮ್ಮಿ ಹೋದರೆ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ತೆರೆದಾಗ ಕಪ್ಪು ಮಸಿ ಸುರಿದರೆ ಗಾಬರಿ ಬೇಡ, ಅದು ಸವೆದ ಬ್ರಷ್‌ನ ಪುಡಿ. ಬಾಯಿಂದ ಊದಬೇಡಿ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಣ ಬಟ್ಟೆ, ಒಣ ಬ್ರಷ್‌ನಿಂದ ತೆಗೆಯಿರಿ.

ಬ್ರಷ್ ಅಂದರೆ ಇಂಗಾಲ ಮತ್ತು ತಾಮ್ರ ಬೆರೆತ ಚೌಕದ ತುಂಡು. ಸಾಮಾನ್ಯವಾಗಿ ನಾಲ್ಕಿರುತ್ತವೆ. ಹೊಸದರ ಅರ್ಧಕ್ಕೆ ಸವೆದಿದ್ದರೆ ಬದಲಿಸಿ, ಎಲ್ಲವನ್ನೂ ಒಟ್ಟಿಗೆ. ಒಂದೊಂದೂ ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು. ಬಾಲದ ವೈರನ್ನು ಬೆಸುಗೆ ಹಾಕಿದ್ದರೆ ದೊಡ್ಡ ವ್ಯಾಟ್‌ನ ಸೋಲ್ಡರಿಂಗ್ ಐರನ್ ಬೇಕು, ರೇಡಿಯೋ ರಿಪೇರಿಯ ಸಣ್ಣದು ಆಗದು. ಬೆಸುಗೆ ವೈರಿನೊಳಗೆ ಹೀರಿಕೊಂಡು ಹೋದರೆ ಬಾಲ ಕಡ್ಡಿಯಂತೆ ಸೆಟೆದು ಬ್ರಷ್ ಜಾರುವುದಿಲ್ಲ. ಇದಕ್ಕಿಂತ ಗೂಡು ಸಮೇತ ಸಿಗುವ ಬ್ರಷ್ ಸೆಟ್ ಹಾಕುವುದು ನನ್ನ ಮಟ್ಟಿಗೆ ಜಾಣತನ.

ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉಂಗುರಕ್ಕೆ ಕಮ್ಯುಟೇಟರ್ ಎನ್ನುತ್ತಾರೆ. ಚಾಕೊಲೇಟ್ ಬಣ್ಣಕ್ಕೆ ತಿರುಗಿದ್ದರೆ ಆರೋಗ್ಯವಾಗಿದೆ. ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದದ ಪಟ್ಟಿ ಸುತ್ತಿ ಹೊಳೆಯುವಂತೆ ಉಜ್ಜಿ. ಎಮರಿ ಬಟ್ಟೆ ಬೇಡ. ಅದರ ಪುಡಿ ಕರೆಂಟು ಹರಿಸುತ್ತದೆ, ಪಟ್ಟಿಗಳ ಮಧ್ಯೆ ಕೂತರೆ ಶಾರ್ಟ್. ಪಟ್ಟಿಗಳ ನಡುವಿನ ಸಂದಿ ತಾಮ್ರದ ಮಟ್ಟಕ್ಕಿಂತ ಅರ್ಧ ಮಿಲಿಮೀಟರ್‌ನಷ್ಟು ತಗ್ಗಿರಬೇಕು. ತುಂಬಿಕೊಂಡಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಹುಷಾರಾಗಿ ಕೆರೆಯಿರಿ.

ಈಗ ಮೀಟರ್ ಓಮ್‌ಗೆ ತಿರುಗಿಸಿ. ಅಕ್ಕಪಕ್ಕದ ಪಟ್ಟಿಗಳ ನಡುವೆ ಸಂಪರ್ಕ ಇರಬೇಕು. ಯಾವುದೇ ಪಟ್ಟಿಗೂ ನಡುವಿನ ಉಕ್ಕಿನ ದಂಡಕ್ಕೂ ಸಂಪರ್ಕ ಇರಲೇಬಾರದು. ಇದ್ದರೆ ಆರ್ಮೇಚರ್ ಸುಟ್ಟಿದೆ. ಎರಡು ಪಟ್ಟಿಗಳ ನಡುವೆ ಮಾತ್ರ ಸುಟ್ಟ ಕಲೆ, ಕರಗಿ ಸಿಡಿದ ಬೆಸುಗೆ, ಸುಟ್ಟ ವಾರ್ನಿಷ್ ವಾಸನೆ, ಇವು ಕಂಡರೂ ಅದೇ ಮಾತು. ಅಲ್ಲಿಗೆ ಮನೆ ರಿಪೇರಿ ನಿಲ್ಲಿಸಿ ಇಡೀ ಮೋಟರ್ ಬದಲಿಸಿ.

ದಂಡ ಕೂರುವ ಬುಷ್ ಸವೆದಿದ್ದರೆ ಆರ್ಮೇಚರ್ ಪಕ್ಕಕ್ಕೆ ಜೋಲಿ ಹೊಡೆದು ಅಯಸ್ಕಾಂತಕ್ಕೆ ಉಜ್ಜಿದ ಗುರುತು ಕಾಣುತ್ತದೆ. ಬಿಸಿ ಇಂಜಿನ್‌ನಲ್ಲಿ ನಿಧಾನವಾಗಿ ತಿರುಗುವ ಮೋಟರ್‌ಗಳಲ್ಲಿ ಇದನ್ನು ತಪ್ಪದೆ ನೋಡಿ. ಹೊಸ ಬುಷ್ ಕೂರಿಸುವ ಮುಂಚೆ ಇಂಜಿನ್ ಆಯಿಲ್‌ನಲ್ಲಿ ನೆನೆಹಾಕಿ. ಸಣ್ಣ ರಂಧ್ರಗಳಿರುವ ಕಂಚು ಅದು, ಎಣ್ಣೆ ಹೀರಿಟ್ಟುಕೊಳ್ಳುತ್ತದೆ.

ಸೊಲೆನಾಯ್ಡ್‌ನ ಮುಚ್ಚಳ ಸ್ಕ್ರೂ ಹಾಕಿದ್ದಾದರೆ ತೆರೆದು ನೋಡಿ. ಬಿಲ್ಲೆ ಮತ್ತು ಬೋಲ್ಟಿನ ತಲೆಗಳಲ್ಲಿ ಗುಳಿ ಬಿದ್ದಿರುತ್ತದೆ. ಕೆಲವು ಮಾದರಿಗಳಿಗೆ ತಾಮ್ರದ ತುಂಡುಗಳು ಬಿಡಿಯಾಗಿ ಸಿಗುತ್ತವೆ, ಬದಲಿಸಿದರೆ ಕೆಲಸ ಮುಗಿಯಿತು. ಅಂಚು ಮಡಚಿ ಮುಚ್ಚಿದ ಸೊಲೆನಾಯ್ಡ್ ಆದರೆ ಪೂರ್ತಿ ಹೊಸದು ಹಾಕಿ.

ಬೆಂಡಿಕ್ಸನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯುವ ಅಭ್ಯಾಸ ಕೆಲವರಿಗಿದೆ. ಒಳಗಿನ ಕ್ಲಚ್‌ನ ಗ್ರೀಸ್ ತೊಳೆದುಹೋಗುತ್ತದೆ, ಹೊರಗಿನಿಂದ ಮತ್ತೆ ತುಂಬಲು ದಾರಿಯಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಂತ 9: ಜೋಡಣೆ

ದಂಡದ ಮೇಲಿನ ತಿರುಚಾದ ಗೀರುಗಳಿಗೆ ತೆಳುವಾಗಿ, ಒಳಗೆ ಸಣ್ಣ ಗೇರ್‌ಗಳಿದ್ದರೆ ಅವಕ್ಕೆ ಸ್ವಲ್ಪ ಧಾರಾಳವಾಗಿ ಗ್ರೀಸ್ ಹಚ್ಚಿ. ಕಮ್ಯುಟೇಟರ್ ಹತ್ತಿರ ಒಂದು ಹನಿಯೂ ಹೋಗಬಾರದು.

ಅಯಸ್ಕಾಂತದ ಕೊಳವೆಯೊಳಗೆ ಆರ್ಮೇಚರ್ ಇಳಿಸುವಾಗ ಅದು ಕೈಯಿಂದ ಕಿತ್ತುಕೊಂಡು ಫಟ್ ಎಂದು ಅಂಟಿಕೊಳ್ಳುತ್ತದೆ. ಬೆರಳು ಸಂದಿಯಲ್ಲಿರದಂತೆ ನೋಡಿಕೊಳ್ಳಿ. ನಾಲ್ಕು ಬ್ರಷ್‌ಗಳನ್ನು ಒಟ್ಟಿಗೆ ಹಿಂದಕ್ಕೆ ಹಿಡಿಯಲು ಎರಡು ಕೈ ಸಾಲದು. ಕಮ್ಯುಟೇಟರ್‌ನಷ್ಟೇ ದಪ್ಪದ ಸಾಕೆಟ್ ಒಂದನ್ನು ಬ್ರಷ್ ಗೂಡಿನ ನಡುವೆ ತೂರಿಸಿ ಬ್ರಷ್‌ಗಳನ್ನು ಅದರ ಮೇಲೆ ಕೂರಿಸಿ. ಆಮೇಲೆ ಇಡೀ ಗೂಡನ್ನು ಸಾಕೆಟ್‌ನಿಂದ ಕಮ್ಯುಟೇಟರ್ ಮೇಲಕ್ಕೆ ಜಾರಿಸಿಬಿಡಿ. ಎಳೆದ ಗೆರೆ ಸೇರಿಸಿ ಬೋಲ್ಟ್ ಬಿಗಿಯಿರಿ. 7ನೇ ಹಂತದ ಪರೀಕ್ಷೆ ಇನ್ನೊಮ್ಮೆ ಮಾಡದೆ ಗಾಡಿಗೆ ಹಾಕಬೇಡಿ.

ಮೋಟರ್ ಕೂರುವ ಜಾಗದ ತುಕ್ಕು, ಬಣ್ಣ ಕೆರೆದು ತೆಗೆಯಿರಿ. ಮೋಟರಿನ ಅರ್ಥ್ ಅಲ್ಲಿಂದಲೇ ಸಿಗುವುದು. 30ನೇ ಬೋಲ್ಟಿನ ನಟ್ ಮೇಲೆ ಪೌರುಷ ತೋರಿಸಬೇಡಿ. ಮುಚ್ಚಳ ಪ್ಲಾಸ್ಟಿಕ್ಕಿನದು, ಬಿರುಕು ಬಿಟ್ಟರೆ ಸೊಲೆನಾಯ್ಡ್ ಹೋಯಿತು.

ಬೈಕ್, ಸ್ಕೂಟರ್ ಇದ್ದವರಿಗೆ

ಇವುಗಳಲ್ಲಿ ಸೊಲೆನಾಯ್ಡ್ ಮೋಟರಿನ ಮೇಲೆ ಇರುವುದಿಲ್ಲ. ಬ್ಯಾಟರಿ ಹತ್ತಿರ ದಪ್ಪ ವೈರಿನ ರಿಲೇ ಇರುತ್ತದೆ, ಟಕ್ ಸದ್ದು ಅದರದ್ದು. ಮೋಟರ್ ತಿರುಗಿ ಇಂಜಿನ್ ತಿರುಗದಿದ್ದರೆ ದೋಷ ಇರುವುದು ಹೆಚ್ಚಾಗಿ ಇಂಜಿನ್ ಒಳಗಿನ ಒನ್‌ವೇ ಕ್ಲಚ್‌ನಲ್ಲಿ, ಮೋಟರ್ ಬದಲಿಸಿ ಪ್ರಯೋಜನವಿಲ್ಲ. ಸದ್ದೇ ಇಲ್ಲದಿದ್ದರೆ ಸ್ಕೂಟರ್‌ನಲ್ಲಿ ಬ್ರೇಕ್ ಲಿವರ್‌ನ ಸ್ವಿಚ್, ಬೈಕಿನಲ್ಲಿ ಕ್ಲಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ಮೊದಲು ನೋಡಿ. ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ದೀಪ ಉರಿಯದಿದ್ದರೆ ಅನುಮಾನ ಆ ಸ್ವಿಚ್ ಮೇಲೇ.

ಹಂತ 10: ಮೋಟರ್ ಕಾರಿಗೆ ಹಾಕಿದ ಮೇಲೆ

ತೆಗೆದಿಟ್ಟ ಫ್ಯೂಸ್ ವಾಪಸ್ ಹಾಕಿ, ನೆಗೆಟಿವ್ ಕೊನೆಗೆ ಜೋಡಿಸಿ. ಬ್ಯಾಟರಿ ಮೇಲೆ ಮೀಟರ್ ಇಟ್ಟುಕೊಂಡೇ ಕೀ ತಿರುಗಿಸಿ. 10ಕ್ಕಿಂತ ಮೇಲಿದ್ದು ಇಂಜಿನ್ ಚುರುಕಾಗಿ ತಿರುಗಬೇಕು. ಕಿರುಚುವ ಸದ್ದು ಬಂದರೆ ತಗಡಿನ ಬಿಲ್ಲೆ ಮರೆತಿರಾ, ಮೋಟರ್ ಓರೆಯಾಗಿ ಕೂತಿದೆಯಾ ನೋಡಿ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಬರಬೇಕು. 13ಕ್ಕೂ ಏರದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಅದನ್ನು ಸರಿಮಾಡದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಟಕಟಕ ಸದ್ದು ಮತ್ತೆ ಶುರುವಾಗುತ್ತದೆ.